ಮಾರ್ಚ್ 2021ರಲ್ಲಿ ಕಾಬೂಲನ್ನು ಆಳುತ್ತಿದ್ದವರು ಯಾರು?

ಕನ್ನಡ ದಿನಪತ್ರಿಕೆಯೊಂದರ ವಿದೇಶ ಪುಟದ ಡೆಸ್ಕಿನಲ್ಲಿ ನಾನು ಕೆಲಸ ಮಾಡಲು ತೊಡಗಿ ಹನ್ನೊಂದು ವರ್ಷಗಳಾದವು. ಈ ಅವಧಿಯಲ್ಲಿ ಮಾಡಿದ ತಪ್ಪುಗಳನ್ನು ಲೆಕ್ಕ ಹಾಕಿದರೆ ಹೆಸರಿನ ಕಾಗುಣಿತ ಕೆಡಿಸಿದ್ದು, ಲಕ್ಷವನ್ನು ಕೋಟಿ ಮಾಡಿದ್ದು, ಒಂದು ದೇಶದ ರಾಜಧಾನಿಯನ್ನು ಪಕ್ಕದ ದೇಶಕ್ಕೆ ದಾಟಿಸಿದ್ದು ಹೀಗೆ ಹಲವು ಸಿಕ್ಕುತ್ತವೆ. ಅವೆಲ್ಲ ಮರುದಿನ ಬೆಳಿಗ್ಗೆ ನಾಚಿಕೆ ಪಟ್ಟು ಸಂಜೆಗೆ ಮರೆಯುವಂಥವು. ಮರೆಯಲಾಗದೆ ಉಳಿದಿರುವುದು 2024ರ ನವೆಂಬರ್ 19ರ ರಾತ್ರಿ ನಾನು ಒಂದು ಸುದ್ದಿಗೆ ಸೇರಿಸಿದ ಒಂದೇ ಪದ.

ಅಂದು ಆಮ್‌ಸ್ಟರ್‌ಡ್ಯಾಮ್‌ನಿಂದ ಅಂತರರಾಷ್ಟ್ರೀಯ ಮಕ್ಕಳ ಶಾಂತಿ ಪ್ರಶಸ್ತಿಯ ಸುದ್ದಿ ಬಂದಿತ್ತು. ಕಿಡ್ಸ್‌ರೈಟ್ಸ್ ಎಂಬ ಸಂಸ್ಥೆ 2005ರಿಂದ ಕೊಡುತ್ತಿರುವ ಈ ಪ್ರಶಸ್ತಿಯನ್ನು ಹಿಂದೆ ಮಲಾಲಾ ಯೂಸುಫ್‌ಝೈ, ಗ್ರೇಟಾ ಥನ್‌ಬರ್ಗ್ ಪಡೆದಿದ್ದಾರೆ. 2006ರಲ್ಲಿ ಅದು ರಾಜಸ್ಥಾನದ ಓಂಪ್ರಕಾಶ್ ಗುರ್ಜರ್ ಅವರಿಗೆ ಸಂದಿತ್ತು ಎಂಬುದು ನಮ್ಮ ಓದುಗರಲ್ಲಿ ಹೆಚ್ಚಿನವರಿಗೆ ನೆನಪಿರಲಾರದು. ಈ ಬಾರಿ ಆಯ್ಕೆಯಾದವರು ಅಫ್ಗಾನಿಸ್ತಾನ ಬಿಟ್ಟು ಕೆನಡಾದಲ್ಲಿ ನೆಲೆಸಿರುವ, ಅಲ್ಪಸಂಖ್ಯಾತ ಹಜಾರಾ ಸಮುದಾಯದ 17 ವರ್ಷದ ನೀಲಾ ಇಬ್ರಾಹಿಮಿ. ಹೆಸರು ನಮ್ಮ ಪಕ್ಕದ ಬೀದಿಯ ಹುಡುಗಿಯದೆನ್ನುವಷ್ಟು ಹತ್ತಿರದ್ದಾಗಿತ್ತು. (ಪರ್ಷಿಯನ್ ಭಾಷೆಯ ‘ನೀಲ್’ ಸಂಸ್ಕೃತದಿಂದಲೇ ಹೋದ ಪದ ಎಂಬುದು ಆಮೇಲೆ ತಿಳಿಯಿತು.) ಇಂಗ್ಲಿಷಿನಲ್ಲಿ ಉದ್ದವಾಗಿದ್ದ ಏಜೆನ್ಸಿ ಕಾಪಿಯನ್ನು, ಅಂದರೆ ಸುದ್ದಿಸಂಸ್ಥೆ ಕಳುಹಿಸಿದ ವರದಿಯನ್ನು, ಎರಡು ಕಾಲಂನ ಜಾಗಕ್ಕೆ ಇಳಿಸಬೇಕಿತ್ತು ಮತ್ತು ಜಿಲ್ಲಾ ಆವೃತ್ತಿಯ ಪುಟ ಮುದ್ರಣಕ್ಕೆ ಹೋಗಲು ಇಪ್ಪತ್ತು ನಿಮಿಷ ಉಳಿದಿತ್ತು.

ಶಾಲಾ ಬಾಲಕಿಯರು ಸಾರ್ವಜನಿಕವಾಗಿ ಹಾಡಬಾರದೆಂದು 2021ರ ಮಾರ್ಚ್‌ನಲ್ಲಿ ಕಾಬೂಲಿನ ಅಧಿಕಾರಿಗಳು ಹೊರಡಿಸಿದ್ದ ಆದೇಶವನ್ನು ವಿರೋಧಿಸಿ ನೀಲಾ ಹಾಡಿದ್ದರು ಎಂಬರ್ಥದ ಸಾಲೊಂದು ಕಾಪಿಯಲ್ಲಿತ್ತು. ‘ಅಧಿಕಾರಿಗಳು’ ಎಂಬುದು ಓದುಗನಿಗೆ ಏನನ್ನೂ ಹೇಳುವುದಿಲ್ಲ ಎನ್ನಿಸಿ, ಸ್ಪಷ್ಟತೆಯ ಹೆಸರಿನಲ್ಲಿ ನಾನು ಅಲ್ಲಿ ‘ತಾಲಿಬಾನ್ ಅಧಿಕಾರಿಗಳು’ ಎಂದು ಬರೆದೆ. ‘ತಾಲಿಬಾನ್ ಕಪಿಮುಷ್ಟಿಯಿಂದ ಪಾರಾದ ಬಾಲೆಗೆ ಶಾಂತಿ ಪ್ರಶಸ್ತಿ’ ಎಂಬ ಶೀರ್ಷಿಕೆಯನ್ನೂ ಕೊಟ್ಟೆ. ಮುಖ್ಯ ಉಪಸಂಪಾದಕರು ಪುಟದ ಮೇಲೆ ಕಣ್ಣಾಡಿಸಿ, ಶೀರ್ಷಿಕೆ ಚೆನ್ನಾಗಿದೆ ಎಂದು ಹೇಳಿ ಕಳುಹಿಸಿದರು.

ಆ ಪದ ಎಲ್ಲಿಂದ ಬಂತು ಎಂಬುದನ್ನು ಈಗ ಗುರುತಿಸಬಲ್ಲೆ. ಮೂರು ತಿಂಗಳ ಹಿಂದೆ, 2024ರ ಆಗಸ್ಟ್‌ನಲ್ಲಿ, ಸದ್ಗುಣ ಪ್ರಚಾರ ಮತ್ತು ದುರ್ಗುಣ ತಡೆಯ ಹೆಸರಿನಲ್ಲಿ ತಾಲಿಬಾನ್ ಒಂದು ಕಾನೂನನ್ನು ಪ್ರಕಟಿಸಿತ್ತು. ಹೆಣ್ಣಿನ ದನಿಯನ್ನೂ ಮರೆಯಲ್ಲಿಡಬೇಕಾದ ಸಂಗತಿಯೆಂದು ಪರಿಗಣಿಸಿ, ಅವಳು ಹಾಡುವುದು ಪರರ ಕಿವಿಗೆ ಬೀಳಬಾರದೆಂದು ವಿಧಿಸಿದ ಕಾನೂನು ಅದು. ಅದನ್ನು ಧಿಕ್ಕರಿಸಿ ಅಫ್ಗಾನ್ ಮಹಿಳೆಯರು ದೇಶದೊಳಗಿಂದಲೂ ಹೊರಗಿನಿಂದಲೂ ತಾವು ಹಾಡುವ ವಿಡಿಯೊಗಳನ್ನು ಹರಿಯಬಿಟ್ಟಿದ್ದರು. ಆ ಸುದ್ದಿಯನ್ನು ಪುಟಕ್ಕೆ ಸಿದ್ಧಪಡಿಸಿದ್ದವನು ನಾನೇ. ಹಾಡಿನ ನಿಷೇಧ, ಹುಡುಗಿ, ಕಾಬೂಲ್ ಎಂಬ ಮೂರು ಒಟ್ಟಿಗೆ ಕಂಡೊಡನೆ ನಾಲ್ಕನೆಯದು ತಾನಾಗಿ ಬಂದು ಕುಳಿತುಕೊಂಡಿತು. ಕಾಪಿಯಲ್ಲಿ ಇಸವಿ ನಮೂದಾಗಿತ್ತು. ಅದನ್ನು ನಾನೇ ಕನ್ನಡದಲ್ಲಿ ಟೈಪ್ ಮಾಡಿದ್ದೆ. ಆದರೂ ಅದು ನನ್ನನ್ನು ತಡೆಯಲಿಲ್ಲ.

ಮರುದಿನ ಮಧ್ಯಾಹ್ನ ಮೈಸೂರಿನಿಂದ ಸಂಶೋಧನ ವಿದ್ಯಾರ್ಥಿಯೊಬ್ಬರು ದೂರವಾಣಿ ಕರೆ ಮಾಡಿದರು. ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತಿನ ವಿದ್ಯಾರ್ಥಿವೇತನದ ಮೇಲೆ ಬಂದು, 2021ರ ಬಳಿಕ ಊರಿಗೆ ಮರಳಲಾಗದೆ ಉಳಿದ ಅಫ್ಗಾನ್ ಸ್ನೇಹಿತನೊಬ್ಬ ತಮ್ಮ ಹಾಸ್ಟೆಲಿನ ಪಕ್ಕದ ಕೋಣೆಯಲ್ಲಿದ್ದಾನೆಂದೂ, ಚಿತ್ರ ನೋಡಿ ಅವನು ಕೇಳಿದ್ದಕ್ಕೆ ಸುದ್ದಿಯನ್ನು ಇಂಗ್ಲಿಷಿನಲ್ಲಿ ಓದಿ ಹೇಳಿದೆನೆಂದೂ ವಿವರಿಸಿದರು. “ಸರ್, ಅವನದು ಒಂದೇ ಪ್ರಶ್ನೆ. ಮಾರ್ಚ್ 2021ರಲ್ಲಿ ಕಾಬೂಲಿನಲ್ಲಿ ತಾಲಿಬಾನ್ ಸರ್ಕಾರ ಎಲ್ಲಿತ್ತು ಅಂತ ಕೇಳ್ತಿದ್ದಾನೆ,” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ತಾಲಿಬಾನ್ ಕಾಬೂಲನ್ನು ವಶಪಡಿಸಿಕೊಂಡದ್ದು 2021ರ ಆಗಸ್ಟ್ 15ರಂದು. ಆ ದಿನದ ವಿದೇಶ ಪುಟದಲ್ಲೂ ನಾನೇ ಕೆಲಸದಲ್ಲಿದ್ದೆ.

ಕರೆ ಮುಗಿದ ಮೇಲೆ, ಹಿಂದಿನ ರಾತ್ರಿ ಓದಬೇಕಾಗಿದ್ದುದನ್ನು ಓದಲು ಕುಳಿತೆ. ಹನ್ನೆರಡು ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ ವಿದ್ಯಾರ್ಥಿನಿಯರು ಗಂಡಸರಿರುವ ಸಭೆಗಳಲ್ಲಿ ಹಾಡುವಂತಿಲ್ಲ, ಹೆಂಗಸರೇ ಇರುವ ಕಾರ್ಯಕ್ರಮಗಳಲ್ಲಿ ಮಾತ್ರ ಹಾಡಬಹುದು, ಗಂಡು ಶಿಕ್ಷಕರು ಅವರಿಗೆ ಸಂಗೀತ ಕಲಿಸುವಂತಿಲ್ಲ ಎಂದು ಶಾಲೆಗಳಿಗೆ ಪತ್ರ ಬರೆದದ್ದು ಕಾಬೂಲಿನ ಶಿಕ್ಷಣ ನಿರ್ದೇಶನಾಲಯ. ಆಗ ಅಧಿಕಾರದಲ್ಲಿದ್ದುದು ಅಶ್ರಫ್ ಘನಿ ಅಧ್ಯಕ್ಷತೆಯ ಗಣರಾಜ್ಯದ ಸರ್ಕಾರ. ಅಮೆರಿಕ ಮತ್ತು ಯುರೋಪಿನ ದೇಶಗಳ ಬೆಂಬಲ ಪಡೆದಿದ್ದ, ಹೆಣ್ಣುಮಕ್ಕಳ ಶಿಕ್ಷಣವನ್ನು ತನ್ನ ಸಾಧನೆಯೆಂದು ಹೇಳಿಕೊಳ್ಳುತ್ತಿದ್ದ ಸರ್ಕಾರ. ಅದೇ ಹೊತ್ತಿನಲ್ಲಿ ಅದು ದೋಹಾದಲ್ಲಿ ತಾಲಿಬಾನ್ ಜೊತೆ ಸಂಧಾನದ ಮಾತುಕತೆಯಲ್ಲಿತ್ತು. ಬರಲಿರುವವರ ಇಷ್ಟಾನಿಷ್ಟಗಳಿಗೆ ಇರುವವರು ಈಗಲೇ ಹೊಂದಿಕೊಳ್ಳುತ್ತಿದ್ದಾರೆಯೇ ಎಂಬ ಶಂಕೆ ಕಾಬೂಲಿನ ಅನೇಕರಲ್ಲಿ ಎದ್ದದ್ದು ಆ ಕಾರಣಕ್ಕೆ.

ಅಫ್ಗಾನಿಸ್ತಾನ ರಾಷ್ಟ್ರೀಯ ಸಂಗೀತ ಸಂಸ್ಥೆಯನ್ನು ಕಟ್ಟಿದ ಅಹ್ಮದ್ ಸರ್ಮಸ್ತ್ ಆಗ ಒಂದು ಕರೆ ಕೊಟ್ಟರು. ಹುಡುಗಿಯರು ತಮ್ಮ ಮೆಚ್ಚಿನ ಹಾಡೊಂದನ್ನು ಹಾಡಿ, ಅದನ್ನು ಚಿತ್ರೀಕರಿಸಿ, ‘ನಾನೇ ನನ್ನ ಹಾಡು’ ಎಂಬ ಅರ್ಥದ ಹ್ಯಾಷ್‌ಟ್ಯಾಗ್ ಜೊತೆ ಸಾಮಾಜಿಕ ಜಾಲತಾಣಗಳಲ್ಲಿ ಹಾಕಲಿ ಎಂಬುದು ಅದರ ಸಾರ. ಸರ್ಮಸ್ತ್ ಅವರ ಮಾತಿಗೆ ತೂಕವಿತ್ತು. 2014ರಲ್ಲಿ ಕಾಬೂಲಿನ ಒಂದು ಪ್ರದರ್ಶನದ ವೇಳೆ ನಡೆದ ಆತ್ಮಹತ್ಯಾ ದಾಳಿಯಲ್ಲಿ ಗಾಯಗೊಂಡು, ಕಿವಿಗೆ ಪೆಟ್ಟು ತಿಂದೂ ಸಂಗೀತ ಶಾಲೆಗೆ ಮರಳಿದವರು ಅವರು. ಆ ಕರೆಗೆ ದನಿಗೂಡಿಸಿದ ಹುಡುಗಿಯರಲ್ಲಿ 13ರ ವಯಸ್ಸಿನ ನೀಲಾ ಒಬ್ಬರಾಗಿದ್ದರು. ಕೆಲವೇ ವಾರಗಳಲ್ಲಿ ಶಿಕ್ಷಣ ಸಚಿವಾಲಯ ಆ ಪತ್ರ ತನ್ನ ನೀತಿಯನ್ನು ಪ್ರತಿಬಿಂಬಿಸುವುದಿಲ್ಲವೆಂದು ಹೇಳಿ ಹಿಂದೆ ಸರಿಯಿತು.

ಅಂದರೆ, ಅವರು ಗೆದ್ದಿದ್ದರು. ನನ್ನ ಒಂದು ಪದ ಅಳಿಸಿಹಾಕಿದ್ದು ಈ ಗೆಲುವನ್ನು. ಶಾಲೆಗೆ ಹೋಗುವ ಮಕ್ಕಳು ತಮ್ಮದೇ ಸರ್ಕಾರವನ್ನು ಪ್ರಶ್ನಿಸಿ, ಆದೇಶವನ್ನು ಹಿಂದಕ್ಕೆ ತೆಗೆದುಕೊಳ್ಳುವಂತೆ ಮಾಡಿದ ಪ್ರಸಂಗ, ನನ್ನ ಕಾಪಿಯಲ್ಲಿ ಕ್ರೂರಿಗಳ ಎದುರು ಒಬ್ಬ ಬಾಲೆ ಹಾಡಿ, ಸೋತು, ಓಡಿಹೋದ ಕಥೆಯಾಗಿತ್ತು. ನನ್ನ ಶೀರ್ಷಿಕೆಯನ್ನು ಮತ್ತೆ ಓದಿದಾಗ ಪ್ರಶಸ್ತಿ ಬಂದದ್ದೇ ‘ಪಾರಾದದ್ದಕ್ಕೆ’ ಎಂಬಂತೆ ಕಂಡಿತು. ಅಷ್ಟೇ ಅಲ್ಲ, ಆ ಪದ ಗಣರಾಜ್ಯದ ಕಾಲವನ್ನೂ ಒಂದೇ ಏಟಿಗೆ ತೊಳೆದು ಬಿಳಿ ಮಾಡಿತ್ತು. ಹಜಾರಾ ಜನರೇ ಹೆಚ್ಚಾಗಿರುವ ಪಶ್ಚಿಮ ಕಾಬೂಲಿನ ದಶ್ತ್-ಎ-ಬರ್ಚಿಯಲ್ಲಿ ಸಯ್ಯದ್ ಉಲ್-ಶುಹದಾ ಶಾಲೆಯ ಹೊರಗೆ ಬಾಂಬುಗಳು ಸಿಡಿದು 80ಕ್ಕೂ ಹೆಚ್ಚು ಮಂದಿ, ಅವರಲ್ಲಿ ಬಹುಪಾಲು ವಿದ್ಯಾರ್ಥಿನಿಯರು, ಸತ್ತದ್ದು 2021ರ ಮೇ 8ರಂದು, ತಾಲಿಬಾನ್ ಆಳ್ವಿಕೆಗೆ ಮೂರು ತಿಂಗಳು ಮೊದಲು. ಆಗಸ್ಟ್ 15ರ ಹಿಂದಿನ ಕತ್ತಲೆಯನ್ನೂ ಆ ದಿನದ ಖಾತೆಗೇ ಬರೆದುಬಿಟ್ಟರೆ ಈ ಹುಡುಗಿಯರು ಯಾವುದರ ನಡುವೆ ಓದುತ್ತಿದ್ದರು ಎಂಬುದು ಓದುಗನಿಗೆ ತಿಳಿಯುವುದೇ ಇಲ್ಲ.

ನಂತರದ್ದು ನಾನು ಬರೆದದ್ದಕ್ಕಿಂತ ಕೆಟ್ಟದಾಗಿಯೇ ಇದೆ. ತಾಲಿಬಾನ್ ಬಂದ ಮೇಲೆ ಆರನೇ ತರಗತಿಯ ನಂತರದ ಶಾಲೆ ಹೆಣ್ಣುಮಕ್ಕಳಿಗೆ ಮುಚ್ಚಿತು. 2022ರ ಮಾರ್ಚ್ 23ರಂದು ತೆರೆಯುವುದಾಗಿ ಹೇಳಿ, ಮಕ್ಕಳು ಬಂದು ಕುಳಿತ ದಿನವೇ ಮನೆಗೆ ಕಳುಹಿಸಲಾಯಿತು. ಡಿಸೆಂಬರ್‌ನಲ್ಲಿ ವಿಶ್ವವಿದ್ಯಾಲಯಗಳ ಬಾಗಿಲೂ ಮುಚ್ಚಿತು. 2024ರ ಆಗಸ್ಟ್‌ನಲ್ಲಿ ಯುನೆಸ್ಕೊ ಕೊಟ್ಟ ಲೆಕ್ಕದಂತೆ ಪ್ರೌಢಶಿಕ್ಷಣದಿಂದ ವಂಚಿತರಾದ ಹುಡುಗಿಯರ ಸಂಖ್ಯೆ ಕನಿಷ್ಠ 14 ಲಕ್ಷ. ನೀಲಾ ಕುಟುಂಬದೊಂದಿಗೆ ಪಾಕಿಸ್ತಾನಕ್ಕೆ ಹೋಗಿ, ಅಲ್ಲಿ ಸುಮಾರು ಒಂದು ವರ್ಷ ಕಳೆದು, ‘30 ಬರ್ಡ್ಸ್’ ಪ್ರತಿಷ್ಠಾನದ ನೆರವಿನಿಂದ ಕೆನಡಾ ಸೇರಿದರು. ಪರ್ಷಿಯನ್ ಕಾವ್ಯಗಳ ‘ಸೀಮುರ್ಗ್’ ಹಕ್ಕಿಯ ಹೆಸರನ್ನು ಬಿಡಿಸಿ ಓದಿದರೆ ‘ಮೂವತ್ತು ಹಕ್ಕಿಗಳು’ ಎಂದಾಗುತ್ತದೆ. ಆ ಶ್ಲೇಷೆಯೇ ಈ ಪ್ರತಿಷ್ಠಾನದ ಹೆಸರು. ಕೆನಡಾದಲ್ಲಿ ಅವರು ಗೆಳತಿಯರೊಂದಿಗೆ ‘ಹರ್‌ಸ್ಟೋರಿ’ ಎಂಬ ಪ್ರಯತ್ನವನ್ನು ಆರಂಭಿಸಿದರು. ಅಫ್ಗಾನಿಸ್ತಾನದ ಒಳಗಿರುವ ಮತ್ತು ಹೊರಗೆ ಹೋದ ಹುಡುಗಿಯರು ತಮ್ಮ ಕಥೆಯನ್ನು ತಾವೇ ಹೇಳಿಕೊಳ್ಳಲಿ ಎಂಬುದು ಅದರ ಉದ್ದೇಶ. ಬೇರೆಯವರು ತಮ್ಮ ಕಥೆಯನ್ನು ಹೇಳುವಾಗ ಏನಾಗುತ್ತದೆ ಎಂಬುದಕ್ಕೆ ಅವರಿಗೆ ನನ್ನ ಎರಡು ಕಾಲಂ ಸುದ್ದಿ ಒಳ್ಳೆಯ ಉದಾಹರಣೆಯಾಗುತ್ತಿತ್ತು.

ಆ ಕಾಪಿಯನ್ನು ಮತ್ತೆ ಮತ್ತೆ ಓದುತ್ತಿದ್ದಾಗ ಇನ್ನೊಂದು ವಿಷಯ ಗಮನಕ್ಕೆ ಬಂತು. ಹದಿನೆಂಟು ತುಂಬದವರನ್ನು ನಮ್ಮ ಡೆಸ್ಕಿನಲ್ಲಿ ರೂಢಿಯಂತೆ ಏಕವಚನದಲ್ಲಿ ಬರೆಯುತ್ತೇವೆ. ಹಾಗಾಗಿ ನನ್ನ ನೀಲಾ ‘ಹಾಡಿದಳು’, ‘ಪಾರಾದಳು’, ‘ಹೇಳಿದಳು’. ಅದೇ ಪುಟದಲ್ಲಿ ಯಾವುದೋ ದೇಶದ ಸಚಿವರು ಏನನ್ನೂ ಮಾಡದೆಯೇ ‘ಹೇಳಿದರು’. ಇಂಗ್ಲಿಷಿನ ಕಾಪಿಯಲ್ಲಿ ಇಲ್ಲದ ಈ ಮೇಲು ಕೀಳನ್ನು ಕನ್ನಡಕ್ಕೆ ತರುವವರು ನಾವು, ಮತ್ತು ತರುತ್ತಿದ್ದೇವೆಂಬುದು ನಮಗೆ ಅರಿವಾಗುವುದಿಲ್ಲ. ಏಕವಚನದಲ್ಲಿ ವಾತ್ಸಲ್ಯವೂ ಇದೆ, ನಿಜ. ಆದರೆ ವಾತ್ಸಲ್ಯ ಮತ್ತು ಕನಿಕರ ಪತ್ರಿಕೆಯ ಭಾಷೆಯಲ್ಲಿ ಬೇಗ ಒಂದರೊಳಗೊಂದು ಬೆರೆಯುತ್ತವೆ. ಸಾರ್ವಜನಿಕ ಕೆಲಸಕ್ಕಾಗಿ ಸುದ್ದಿಯಾದವರನ್ನು, ವಯಸ್ಸು ಎಷ್ಟೇ ಇರಲಿ, ಬಹುವಚನದಲ್ಲಿ ಬರೆಯೋಣವೆಂದು ನಾನು ಸಭೆಯಲ್ಲಿ ಹೇಳಿದೆ. ಶಾಲಾ ಕ್ರೀಡಾಕೂಟದ ಸುದ್ದಿಯಲ್ಲೂ ‘ಅವರು’ ಎಂದು ಬರೆಯಬೇಕೇ ಎಂದು ಕ್ರೀಡಾ ಪುಟದವರು ನಕ್ಕರು. ವಿಷಯ ಅಲ್ಲಿಗೆ ನಿಂತಿದೆ. ವಿದೇಶ ಪುಟದಲ್ಲಿ ಮಾತ್ರ ನಾನು ಅದನ್ನು ಪಾಲಿಸುತ್ತಿದ್ದೇನೆ.

‘ನಿರಾಶ್ರಿತ’ ಎಂಬ ಪದವೂ ಹೀಗೆಯೇ ತೊಡಕಿನದು. ಆಶ್ರಯ ಇಲ್ಲದವರು ಎಂದು ಅದರ ನೇರ ಅರ್ಥ. ಪ್ರವಾಹದಲ್ಲಿ ಮನೆ ಕಳೆದುಕೊಂಡವರನ್ನೂ, 1961ರಿಂದ ಬೈಲಕುಪ್ಪೆಯಲ್ಲಿ ನೆಲೆಸಿ ಮುಸುಕಿನ ಜೋಳ ಬೆಳೆದ ಟಿಬೆಟನ್ನರನ್ನೂ ನಾವು ಅದೇ ಪದದಿಂದ ಕರೆಯುತ್ತೇವೆ. ಕೆನಡಾದಲ್ಲಿ ಶಾಲೆಗೆ ಹೋಗುತ್ತ, ಪ್ರಶಸ್ತಿ ವೇದಿಕೆಯಲ್ಲಿ ನಿಂತು ಮಾತನಾಡುತ್ತಿರುವವರಿಗೆ ಇಲ್ಲದಿರುವುದು ಆಶ್ರಯವಲ್ಲ, ಮರಳುವ ದಾರಿ. ಬದಲಿ ಪದ ನನಗಿನ್ನೂ ಸಿಕ್ಕಿಲ್ಲ. ಹಾಗಾಗಿ ಪದವನ್ನು ಉಳಿಸಿಕೊಂಡು, ಯಾವ ದೇಶದಿಂದ, ಯಾವ ವರ್ಷ, ಯಾವ ಕಾರಣಕ್ಕೆ ಬಂದರೆಂಬುದನ್ನು ಅದೇ ವಾಕ್ಯದಲ್ಲಿ ಸೇರಿಸುತ್ತೇನೆ. ಇದಕ್ಕೆ ಹೋಲಿಸಿದರೆ ‘ಅಫ್ಗಾನಿ ಬಾಲಕಿ’ ಎಂದು ಬರೆಯುವ ಚಟವನ್ನು ಬಿಡಿಸುವುದು ಸುಲಭ: ಅಫ್ಗಾನಿ ಎಂಬುದು ಅಲ್ಲಿನ ನಾಣ್ಯ, ಜನರು ಅಫ್ಗಾನರು.

ತಿದ್ದುಪಡಿ ಪ್ರಕಟಿಸುವುದು ಅಷ್ಟು ಸುಲಭವಾಗಲಿಲ್ಲ. ಒಂದು ಪದಕ್ಕಾಗಿ ವಿಷಾದ ವ್ಯಕ್ತಪಡಿಸಿದರೆ ದಿನವೂ ಅರ್ಧ ಪುಟ ಅದಕ್ಕೇ ಬೇಕಾದೀತು, ಅಷ್ಟಕ್ಕೂ ತಾಲಿಬಾನ್ ಬಗ್ಗೆ ತಪ್ಪು ಬರೆದರೆ ಬೇಸರ ಪಡುವವರು ಯಾರು ಎಂದು ಹಿರಿಯರೊಬ್ಬರು ಕೇಳಿದರು. ಆ ಪ್ರಶ್ನೆಯಲ್ಲಿ ಒಂದು ಸತ್ಯವಿತ್ತು: ಎಲ್ಲರೂ ದ್ವೇಷಿಸುವವರ ಮೇಲೆ ಇನ್ನೊಂದು ಆರೋಪ ಹೊರಿಸಿದಾಗ ಯಾರೂ ಪರಿಶೀಲಿಸುವುದಿಲ್ಲ, ನಾನೂ ಪರಿಶೀಲಿಸಿರಲಿಲ್ಲ. ನಾನು ಕೊಟ್ಟ ಉತ್ತರ, ಬೇಸರಪಟ್ಟವರು ತಾಲಿಬಾನಿಗಳಲ್ಲ, ಆ ಆಳ್ವಿಕೆಯಿಂದಾಗಿ ಊರು ಕಳೆದುಕೊಂಡ ಒಬ್ಬ ವಿದ್ಯಾರ್ಥಿ ಎಂಬುದು. ನಾಲ್ಕನೆಯ ದಿನ, ಪುಟದ ಕೆಳಗಿನ ಮೂಲೆಯಲ್ಲಿ ಐದು ಸಾಲಿನ ತಿದ್ದುಪಡಿ ಬಂತು. ಮೈಸೂರಿನವರಿಗೆ ಅದರ ಚಿತ್ರ ಕಳುಹಿಸಿದೆ. ಗೆಳೆಯನಿಗೆ ಓದಿ ಹೇಳಿದೆ ಎಂದಷ್ಟೇ ಉತ್ತರ ಬಂತು.

ಎರಡು ವಾರದೊಳಗೆ, ಡಿಸೆಂಬರ್ ಮೊದಲ ವಾರ, ಅಫ್ಗಾನಿಸ್ತಾನದಲ್ಲಿ ಮಹಿಳೆಯರು ನರ್ಸಿಂಗ್, ಸೂಲಗಿತ್ತಿ ತರಬೇತಿ ಸೇರಿ ವೈದ್ಯಕೀಯ ಶಿಕ್ಷಣ ಸಂಸ್ಥೆಗಳಲ್ಲಿ ಓದುವಂತಿಲ್ಲ ಎಂಬ ಸುದ್ದಿ ಬಂತು. ಹೊಸದಾಗಿ ಸೇರಿದ ತರಬೇತಿ ಉಪಸಂಪಾದಕಿ ‘ಸರ್ಕಾರ ಲಿಖಿತ ಆದೇಶ ಹೊರಡಿಸಿದೆ’ ಎಂದು ಅನುವಾದಿಸಿದ್ದರು. ಆದೇಶ ಯಾರದು, ಕಾಗದ ಎಲ್ಲಿದೆ ಎಂದು ಕೇಳಿದೆ. ಕಾಪಿಯಲ್ಲಿ ಹಾಗಿಲ್ಲವೆಂದು ಅವರೇ ಕಂಡುಕೊಂಡರು: ಸಂಸ್ಥೆಗಳ ಮುಖ್ಯಸ್ಥರನ್ನು ಕಾಬೂಲಿಗೆ ಕರೆಸಿ, ಸರ್ವೋಚ್ಚ ನಾಯಕರ ನಿರ್ಧಾರವೆಂದು ಬಾಯಿಮಾತಿನಲ್ಲಿ ತಿಳಿಸಲಾಗಿತ್ತು, ಅಧಿಕೃತ ಪ್ರಕಟಣೆ ಹೊರಬಿದ್ದಿರಲಿಲ್ಲ. ಬರೆದು ಕೊಟ್ಟ ಪತ್ರವನ್ನು 2021ರಲ್ಲಿ ಮಕ್ಕಳು ಹಿಡಿದು ಪ್ರಶ್ನಿಸಿದ್ದರು. ಈ ಬಾರಿ ಹಿಡಿದುಕೊಳ್ಳಲು ಕಾಗದವೇ ಇರಲಿಲ್ಲ. ‘ಸರ್, ಇಷ್ಟನ್ನೂ ಎರಡು ಕಾಲಂನಲ್ಲಿ ಹೇಗೆ ಹೇಳುವುದು?’ ಎಂದು ಅವರು ಕೇಳಿದರು. ಒಳಗಿದ್ದ ಚಿತ್ರವನ್ನು ತೆಗೆದು ಜಾಗ ಮಾಡಿಕೊಂಡೆವು. ಪುಟ ಎಂಟು ನಿಮಿಷ ತಡವಾಗಿ ಹೋಯಿತು, ಮುದ್ರಣ ವಿಭಾಗದಿಂದ ಎಂದಿನಂತೆ ಫೋನ್ ಬಂತು.