ಲಾಸ್ ಏಂಜಲೀಸ್‌ನಲ್ಲಿ ಫಿಲ್ಮ್ ನ್ವಾರ್ ಹುಡುಕಿಕೊಂಡು ಹೋಗುವವರಿಗೆ

ಲಾಸ್ ಏಂಜಲೀಸ್‌ಗೆ ಹೋಗುವ ನಮ್ಮವರ ಪಟ್ಟಿ ಹೆಚ್ಚುಕಡಿಮೆ ಒಂದೇ ಥರ ಇರುತ್ತದೆ. ಯೂನಿವರ್ಸಲ್ ಸ್ಟುಡಿಯೋಸ್, ಗುಡ್ಡದ ಮೇಲಿನ ಹಾಲಿವುಡ್ ಅಕ್ಷರಗಳು, ಫುಟ್‌ಪಾತಿನ ನಕ್ಷತ್ರಗಳು, ಸಂಜೆಗೆ ಸ್ಯಾಂಟಾ ಮೋನಿಕಾ ಬೀಚು. ನಿಮಗೆ ಫಿಲ್ಮ್ ನ್ವಾರ್, ಅಂದರೆ 1940ರ ದಶಕದ ಕಪ್ಪು ಬಿಳುಪು ಕ್ರೈಂ ಸಿನಿಮಾಗಳೆಂದರೆ ಪ್ರಾಣವಾ? ಹಾಗಾದರೆ ಆ ಪಟ್ಟಿಯನ್ನು ಪಕ್ಕಕ್ಕಿಡಿ. ನೀವು ಕಾಲಿಡಬೇಕಾದದ್ದು ಡೌನ್‌ಟೌನ್‌ನಲ್ಲಿ. ಸಿನಿಮಾ ನೋಡಿಕೊಂಡು ಹೋದವರಿಗೆ ಮಾತ್ರ ಆ ಸಿನಿಮಾಗಳ ಊರು ಅಲ್ಲಿ ಕಾಣುತ್ತದೆ. ಇಲ್ಲದಿದ್ದರೆ ಕಾಣುವುದು ಒಂದಷ್ಟು ಹಳೇ ಕಟ್ಟಡ, ಅಷ್ಟೇ.

ಆದ್ದರಿಂದ ಟಿಕೆಟ್ ಬುಕ್ ಮಾಡುವ ಮೊದಲೇ ಮೂರು ಸಿನಿಮಾ ನೋಡಿ. 'ಡಬಲ್ ಇಂಡೆಮ್ನಿಟಿ' (1944), 'ಕ್ರಿಸ್ ಕ್ರಾಸ್' (1949), 'ಡಿ.ಒ.ಎ.' (1950). ಕೊನೆಯದರ ಹಕ್ಕುಸ್ವಾಮ್ಯ ಎಂದೋ ಮುಗಿದಿದೆ, ಇಂಟರ್‌ನೆಟ್‌ನಲ್ಲಿ ಬಿಟ್ಟಿಯಾಗಿ ಸಿಗುತ್ತದೆ. ಪ್ರಿಂಟ್ ಚೆನ್ನಾಗಿರುವುದನ್ನು ಹುಡುಕಿ ನೋಡಿ. ಈ ಸಿನಿಮಾಗಳಲ್ಲಿ ಕತ್ತಲೆಯೇ ಅರ್ಧ ಕಥೆ. ಮಬ್ಬು ಪ್ರಿಂಟ್‌ನಲ್ಲಿ ಅದು ಬರೀ ಬೂದಿ ಬಣ್ಣವಾಗಿ ಕಾಣುತ್ತದೆ.

ಸ್ಟುಡಿಯೋ ಇದ್ದೂ ಈ ಸಿನಿಮಾದವರೆಲ್ಲ ಚಿತ್ರೀಕರಣಕ್ಕೆ ಬೀದಿಗೆ ಯಾಕೆ ಬಂದರು ಅನ್ನೋದು ಗೊತ್ತಿದ್ದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಒಂದು ಸಿನಿಮಾದ ಸೆಟ್‌ಗಳಿಗೆ ಹೊಸ ಸಾಮಾನು ಕೊಳ್ಳಲು ಅಮೆರಿಕ ಸರ್ಕಾರ ಐದು ಸಾವಿರ ಡಾಲರ್ ಮಿತಿ ಹಾಕಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಹಗುರವಾದ ಕ್ಯಾಮೆರಾ ಬಂತು, ಕಡಿಮೆ ಬೆಳಕಿನಲ್ಲೂ ಚಿತ್ರ ಹಿಡಿಯುವ ರೀಲು ಬಂತು. ನ್ಯೂಸ್‌ರೀಲ್ ನೋಡಿ ನೋಡಿ ಜನರಿಗೂ ನಿಜವಾದ ಬೀದಿ ರುಚಿಸತೊಡಗಿತ್ತು. ಬಿಲ್ಲಿ ವೈಲ್ಡರ್, ರಾಬರ್ಟ್ ಸಿಯೋಡ್ಮ್ಯಾಕ್, ಫ್ರಿಟ್ಜ್ ಲ್ಯಾಂಗ್‌ರಂಥ ನಿರ್ದೇಶಕರು ಹಿಟ್ಲರ್ ಕಾಲದಲ್ಲಿ ಯುರೋಪ್ ಬಿಟ್ಟು ಬಂದವರು. ನೆರಳಿನಲ್ಲಿ ಕಥೆ ಹೇಳುವ ಕಲೆಯನ್ನು ಬರ್ಲಿನ್ನಿನಿಂದಲೇ ಕಲಿತು ಬಂದಿದ್ದರು. ಬಿಸಿಲಿಗೆ ಹೆಸರಾದ ಊರಿನಲ್ಲಿ ಅವರಿಗೆ ಕಂಡದ್ದು ಕತ್ತಲೆ!

ಈಗ ಹೋಗುವ ದಾರಿ. ಅಕ್ಕ ಇರುವುದು ಸ್ಯಾನ್ ಹೋಸೆಯಲ್ಲಿ. ಸ್ಯಾನ್ ಫ್ರಾನ್ಸಿಸ್ಕೋ ಸುತ್ತಲಿನ ಬೇ ಏರಿಯಾದಲ್ಲಿ ಮಕ್ಕಳ ಮನೆಗೋ ನೆಂಟರ ಮನೆಗೋ ಬಂದಿರುವ ಕನ್ನಡಿಗರು ಬಹಳ ಜನ ಇದ್ದಾರಲ್ಲ, ಅವರಿಗೆ ನನ್ನ ಸಲಹೆ ವಿಮಾನ ಬೇಡ, ರೈಲು ಹತ್ತಿ. ಕೋಸ್ಟ್ ಸ್ಟಾರ್‌ಲೈಟ್ ರೈಲು ಸ್ಯಾನ್ ಹೋಸೆಯಿಂದ ಬೆಳಗ್ಗೆ ಹತ್ತರ ಸುಮಾರಿಗೆ ಹೊರಟು ರಾತ್ರಿ ಒಂಬತ್ತರ ಮೇಲೆ ಲಾಸ್ ಏಂಜಲೀಸ್ ಸೇರುತ್ತದೆ. ಬಲಗಡೆ ಕೂತರೆ ಸ್ಯಾನ್ ಲೂಯಿಸ್ ಒಬಿಸ್ಪೊ ದಾಟಿದ ಮೇಲೆ ಗಂಟೆಗಟ್ಟಲೆ ಸಮುದ್ರ ನೋಡಬಹುದು. ಚಪಾತಿ, ಚಿತ್ರಾನ್ನ ಕಟ್ಟಿಕೊಂಡು ಹೋಗಿ, ದಿನ ಉದ್ದ ಇರುತ್ತದೆ. ಇಳಿಯುವುದು ಯೂನಿಯನ್ ಸ್ಟೇಷನ್‌ನಲ್ಲಿ. ಈ ಪ್ರವಾಸಕ್ಕೆ ಇದಕ್ಕಿಂತ ಒಳ್ಳೆಯ ಬಾಗಿಲು ಇನ್ನೊಂದಿಲ್ಲ.

1939ರಲ್ಲಿ ತೆರೆದ ನಿಲ್ದಾಣ ಇದು. ಮರದ್ದೇ ಅನ್ನಿಸುವ ಎತ್ತರದ ಚಾವಣಿ, ಉದ್ದ ಕಿಟಕಿಗಳು, ಕೆತ್ತಿದ ಮರದ ಅಗಲವಾದ ಚರ್ಮದ ಕುರ್ಚಿಗಳು, ಎಲ್ಲಾ ಹಾಗೇ ಇವೆ. 'ಯೂನಿಯನ್ ಸ್ಟೇಷನ್' (1950) ಎಂಬ ಅಪಹರಣದ ಸಿನಿಮಾದಲ್ಲಿ ವಿಲಿಯಂ ಹೋಲ್ಡನ್ ಓಡಾಡುವುದು ಇದೇ ಜಾಗದಲ್ಲಿ. ಆ ಕುರ್ಚಿಗಳ ಸಾಲಿನೊಳಗೆ ಕೂರಲು ರೈಲು ಟಿಕೆಟ್ ಬೇಕು. ಬರೀ ನೋಡಲು ಬಂದವರನ್ನು ಕೂರಲು ಬಿಡುವುದಿಲ್ಲ. ಹಾಗಾಗಿ ಇಳಿದ ರಾತ್ರಿಯೋ ಮರಳುವ ದಿನವೋ, ಟಿಕೆಟ್ ಕೈಯಲ್ಲಿದ್ದಾಗಲೇ ಸ್ವಲ್ಪ ಹೊತ್ತು ಕೂತುಬಿಡಿ. ಅಕ್ಕ ಸೂಟ್‌ಕೇಸಿನ ಮೇಲೆ ಕೈಯಿಟ್ಟು ಕೂತವಳು, "ಇಲ್ಲಿ ಯಾರಾದರೂ ಪೇಪರ್ ಮರೆಯಲ್ಲಿ ನಮ್ಮನ್ನ ನೋಡ್ತಾ ಇರಬೇಕು ಕಣೇ" ಅಂದಳು. ಅವಳು ಹೇಳಿದ ಮೇಲೆ ನನಗೂ ಎಲ್ಲರ ಮೇಲೂ ಅನುಮಾನ ಶುರುವಾಯಿತು.

ಹೋಟೆಲನ್ನು ಡೌನ್‌ಟೌನ್‌ನಲ್ಲೇ, ಪರ್ಶಿಂಗ್ ಸ್ಕ್ವೇರ್ ಮೆಟ್ರೋ ಸ್ಟೇಷನ್ನಿನ ಹತ್ತಿರ ಹಿಡಿಯಿರಿ. ಕಾರು ಬೇಕೇ ಬೇಕು ಅಂತ ಎಲ್ಲರೂ ಹೇಳ್ತಾರೆ. ಈ ಪ್ರವಾಸಕ್ಕೆ ಬೇಡ. ಟ್ಯಾಪ್ ಕಾರ್ಡ್ ಮಾಡಿಸಿಕೊಂಡರೆ ಮೆಟ್ರೋದ ಬಿ ಲೈನ್ ಯೂನಿಯನ್ ಸ್ಟೇಷನ್, ಡೌನ್‌ಟೌನ್, ಹಾಲಿವುಡ್ ಮೂರನ್ನೂ ಸೇರಿಸುತ್ತದೆ. ಆದರೆ ಕತ್ತಲಾದ ಮೇಲೆ ಡೌನ್‌ಟೌನ್‌ನ ಕೆಲವು ಬೀದಿಗಳು ಖಾಲಿ ಹೊಡೆಯುತ್ತವೆ. ಮುಖ್ಯವಾಗಿ ಪೂರ್ವಕ್ಕೆ, ಮನೆಯಿಲ್ಲದವರು ಬೀದಿಯಲ್ಲೇ ಇರುವ ಸ್ಕಿಡ್ ರೋ ಕಡೆಗೆ, ಸುಮ್ನೆ ಅಡ್ಡಾಡಲು ಹೋಗಬೇಡಿ. ರಾತ್ರಿ ಸಿನಿಮಾ ಮುಗಿಸಿ ಬರುವಾಗ ಟ್ಯಾಕ್ಸಿ ಮಾಡಿ.

ಮೊದಲ ಬೆಳಗ್ಗೆಯನ್ನು ಬ್ರಾಡ್‌ಬರಿ ಕಟ್ಟಡಕ್ಕೇ ಇಡಿ. ಬ್ರಾಡ್‌ವೇ ಮತ್ತು ಥರ್ಡ್ ಸ್ಟ್ರೀಟ್ ಮೂಲೆಯಲ್ಲಿದೆ. ಹೊರಗಿನಿಂದ ಸಾಧಾರಣ ಇಟ್ಟಿಗೆ ಕಟ್ಟಡ, ಎಷ್ಟೋ ಜನ ಗಮನಿಸದೆ ದಾಟಿ ಹೋಗುತ್ತಾರೆ. ಒಳಗೆ ಕಾಲಿಟ್ಟರೆ ಐದು ಅಂತಸ್ತಿನಷ್ಟು ಎತ್ತರಕ್ಕೆ ತೆರೆದ ಅಂಗಳ, ಮೇಲೆ ಗಾಜಿನ ಮಾಡು. 1893ರಲ್ಲಿ ಕಟ್ಟಿದ್ದು. ಕಬ್ಬಿಣದ ಬಳ್ಳಿಯ ಕಟಾಂಜನ, ಅಮೃತಶಿಲೆಯ ಮೆಟ್ಟಿಲು, ಪಂಜರದಂಥ ಲಿಫ್ಟು. ಲಿಫ್ಟ್ ಮೇಲೇರುವಾಗ ಅದರ ಗಾಲಿ, ಹಗ್ಗ, ಒಳಗೆ ನಿಂತವರ ಶೂ ಎಲ್ಲಾ ಕಾಣುತ್ತದೆ. ಮಾಡಿನಿಂದ ಇಳಿಯುವ ಬೆಳಕು ಕಟಾಂಜನದ ನೆರಳನ್ನು ಎದುರು ಗೋಡೆಯ ಹಳದಿ ಇಟ್ಟಿಗೆಯ ಮೇಲೆ ಹಾಸುತ್ತದೆ. ಹೊತ್ತು ಏರಿದಂತೆ ಆ ನೆರಳು ಒಂದೊಂದೇ ಅಂತಸ್ತು ಕೆಳಗಿಳಿಯುತ್ತದೆ. ಕ್ಯಾಮೆರಾಮನ್ನರು ಇಲ್ಲಿಗೆ ಮತ್ತೆ ಮತ್ತೆ ಬಂದದ್ದು ಯಾಕೆ ಅಂತ ಆಗ ತಿಳಿಯುತ್ತದೆ. 'ಡಿ.ಒ.ಎ.'ಯಲ್ಲಿ ವಿಷ ಕುಡಿದ ಅಕೌಂಟೆಂಟ್ ತನ್ನನ್ನು ಕೊಂದವನನ್ನು ಹುಡುಕಿಕೊಂಡು ಕೊನೆಗೆ ಬರುವುದು ಇಲ್ಲಿಗೇ. ಸಿನಿಮಾ ನೋಡಿಲ್ಲದವರಿಗಾಗಿ ಇಷ್ಟಕ್ಕೇ ನಿಲ್ಲಿಸುತ್ತೇನೆ. ಆ ಸಿನಿಮಾದ ನಿರ್ದೇಶಕ ರುಡಾಲ್ಫ್ ಮಾಟೆ ಮೊದಲು ಕ್ಯಾಮೆರಾಮನ್ ಆಗಿದ್ದವರು. 'ಯೂನಿಯನ್ ಸ್ಟೇಷನ್' ಕೂಡ ಅವರದ್ದೇ.

ಪ್ರವೇಶಕ್ಕೆ ದುಡ್ಡಿಲ್ಲ. ಆದರೆ ಇದು ಈಗಲೂ ಕಚೇರಿಗಳಿರುವ ಕಟ್ಟಡ. ಬಂದವರನ್ನು ನೆಲ ಅಂತಸ್ತು ಮತ್ತು ಮೆಟ್ಟಿಲಿನ ಮೊದಲ ತಿರುವಿನವರೆಗೆ ಮಾತ್ರ ಬಿಡುತ್ತಾರೆ. ಕಾವಲಿನವರ ಹತ್ತಿರ ವಾದ ಮಾಡಬೇಡಿ, ಆ ತಿರುವಿನಿಂದಲೇ ಬೇಕಾದಷ್ಟು ಕಾಣುತ್ತದೆ. ಗುಂಪು ಬರುವ ಮೊದಲೇ, ಬಾಗಿಲು ತೆಗೆಯುತ್ತಿದ್ದ ಹಾಗೆ ಹೋಗಿ.

ಎದುರಿಗೇ 1917ರ ಗ್ರ್ಯಾಂಡ್ ಸೆಂಟ್ರಲ್ ಮಾರ್ಕೆಟ್. ಊಟ ಅಲ್ಲೇ ಮಾಡಿ, ಸಸ್ಯಾಹಾರಿಗಳಿಗೂ ಸಾಕಷ್ಟು ಸಿಗುತ್ತದೆ. ಮಾರ್ಕೆಟ್ಟಿನ ಆ ಕಡೆ ಬಾಗಿಲಿನಿಂದ ಹಿಲ್ ಸ್ಟ್ರೀಟಿಗೆ ಬಂದರೆ ಕಣ್ಣೆದುರು ಏಂಜಲ್ಸ್ ಫ್ಲೈಟ್. ಗುಡ್ಡದ ಇಳಿಜಾರಿನಲ್ಲಿ ಹಳಿಯ ಮೇಲೆ ಹತ್ತಿ ಇಳಿಯುವ ಎರಡು ಪುಟ್ಟ ಬಂಡಿಗಳು, ಹೆಸರು ಸೈನೈ ಮತ್ತು ಆಲಿವೆಟ್. ಒಂದು ಏರಿದರೆ ಇನ್ನೊಂದು ಇಳಿಯುತ್ತದೆ. ಟ್ಯಾಪ್ ಕಾರ್ಡ್ ಇದ್ದರೆ ದರ ಇನ್ನೂ ಕಡಿಮೆ. ಪ್ರಯಾಣ ಮುಗಿಯಲು ಒಂದೆರಡು ನಿಮಿಷ.

ಇಲ್ಲಿ ಮಾತ್ರ ಮನಸ್ಸು ಗಟ್ಟಿ ಮಾಡಿಕೊಳ್ಳಿ. 'ಕ್ರಿಸ್ ಕ್ರಾಸ್'ನಲ್ಲಿ ಬರ್ಟ್ ಲ್ಯಾಂಕಾಸ್ಟರ್ ವಾಪಸ್ ಬರುವ ಮನೆ ಈ ಗುಡ್ಡದ ಮೇಲಿತ್ತು. ದರೋಡೆಗೆ ಸಂಚು ಹೂಡುವ ಕೋಣೆಯ ಕಿಟಕಿಯಾಚೆ ಇದೇ ಬಂಡಿಗಳು ಏರುತ್ತಾ ಇಳಿಯುತ್ತಾ ಇರುತ್ತವೆ. ಬಂಕರ್ ಹಿಲ್ ಎಂಬ ಆ ಬಡಾವಣೆ ಈಗ ಇಲ್ಲ. ಒಂದು ಕಾಲದ ಶ್ರೀಮಂತರ ಬಂಗಲೆಗಳು ಬಡವರ ಬಾಡಿಗೆ ಕೋಣೆಗಳಾಗಿದ್ದವು. ನಗರಾಭಿವೃದ್ಧಿ ಹೆಸರಿನಲ್ಲಿ ಅವನ್ನೆಲ್ಲ ಕೆಡವಿದರು, ಗುಡ್ಡವನ್ನೂ ತಗ್ಗಿಸಿದರು. 1901ರಿಂದ ಓಡುತ್ತಿದ್ದ ಏಂಜಲ್ಸ್ ಫ್ಲೈಟನ್ನು 1969ರಲ್ಲಿ ಬಿಚ್ಚಿಟ್ಟರು. 1996ರಲ್ಲಿ ಮತ್ತೆ ಜೋಡಿಸಿದ್ದು ಹಳೇ ಜಾಗದಿಂದ ಅರ್ಧ ಬ್ಲಾಕ್ ದಕ್ಷಿಣಕ್ಕೆ. ಮೇಲೆ ಇಳಿದರೆ ಎದುರಾಗುವುದು ಗಾಜಿನ ಆಫೀಸು ಗೋಪುರಗಳು. ನನಗೆ ಅಲ್ಲಿ ನಿಜಕ್ಕೂ ಸಂಕಟವಾಯಿತು. ಸಾವಿರಾರು ಜನ ಬಾಳಿದ ಒಂದು ಬಡಾವಣೆ ಹೇಗಿತ್ತು ಅಂತ ನೋಡಲು ಈಗ ಉಳಿದಿರುವುದು ಫೋಟೊಗಳು ಮತ್ತು ಈ ಅಗ್ಗದ ಕ್ರೈಂ ಸಿನಿಮಾಗಳು. ಫೋನಿನಲ್ಲಿ 'ಕ್ರಿಸ್ ಕ್ರಾಸ್'ನ ಆ ದೃಶ್ಯ ಹಾಕಿಕೊಂಡಿರಿ. ಹಿಲ್ ಸ್ಟ್ರೀಟಿನ ಆಚೆ ಬದಿ ನಿಂತು ಒಮ್ಮೆ ಪರದೆ, ಒಮ್ಮೆ ಗುಡ್ಡ ನೋಡಿ.

ಸಿಟಿ ಹಾಲ್ ನಡೆದುಕೊಂಡು ಹೋಗುವಷ್ಟೇ ದೂರ. 1928ರ ಕಟ್ಟಡ. 1960ರ ದಶಕದವರೆಗೆ ಊರಿನಲ್ಲಿ ಅದಕ್ಕಿಂತ ಎತ್ತರದ್ದು ಇರಲಿಲ್ಲ, ಅದಕ್ಕೇ ಆ ಕಾಲದ ಅಷ್ಟೊಂದು ಸಿನಿಮಾಗಳಲ್ಲಿ ಕಾಣಿಸುತ್ತದೆ. 27ನೇ ಅಂತಸ್ತಿನ ಜಗಲಿಗೆ ವಾರದ ದಿನಗಳಲ್ಲಿ ಉಚಿತ ಪ್ರವೇಶ. ಪಾಸ್‌ಪೋರ್ಟ್ ಜೊತೆಗಿರಲಿ. ತೆರೆದಿದೆಯಾ ಅಂತ ಮೊದಲೇ ವಿಚಾರಿಸಿ.

ಹಾಲಿವುಡ್ ಕಡೆಗೆ ಒಂದು ಮಧ್ಯಾಹ್ನ ಸಾಕು. ಹಾಲಿವುಡ್/ವೈನ್ ಸ್ಟೇಷನ್ನಿನಲ್ಲಿ ಇಳಿದು ಐವಾರ್ ರಸ್ತೆ ಹಿಡಿದು ಮೇಲಕ್ಕೆ ನಡೆದರೆ ಆಲ್ಟೊ ನಿಡೊ ಅಪಾರ್ಟ್‌ಮೆಂಟ್. 'ಸನ್‌ಸೆಟ್ ಬುಲೆವಾರ್ಡ್' ಸಿನಿಮಾದ ಕೈ ಖಾಲಿಯಾದ ಬರಹಗಾರ ಇದ್ದದ್ದು ಇಲ್ಲೇ. 'ಡಬಲ್ ಇಂಡೆಮ್ನಿಟಿ'ಯ ಮನೆ ಬೀಚ್‌ವುಡ್ ಕ್ಯಾನ್ಯನ್ ಗುಡ್ಡದಲ್ಲಿದೆ. ಡ್ಯಾಶ್ ಎಂಬ ಚಿಕ್ಕ ಬಸ್ಸಿನಲ್ಲಿ ಅರ್ಧ ದಾರಿ ಹೋಗಿ ಉಳಿದದ್ದು ಹತ್ತಬೇಕು. ಏರು ಜೋರಾಗಿದೆ, ಮಂಡಿ ನೋವಿರುವವರು ಟ್ಯಾಕ್ಸಿ ಮಾಡಿ. ಅಲ್ಲಿ ಜನ ವಾಸವಾಗಿದ್ದಾರೆ. ರಸ್ತೆಯಲ್ಲೇ ನಿಂತು ನೋಡಿ, ಮೆಟ್ಟಿಲು ಹತ್ತಬೇಡಿ, ಕಿಟಕಿಯತ್ತ ಕ್ಯಾಮೆರಾ ಹಿಡಿಯಬೇಡಿ. ಹೊರಗಿನ ಮನೆ ನಿಜ, ಒಳಗಿನ ಹಜಾರ ಮಾತ್ರ ಪ್ಯಾರಾಮೌಂಟ್ ಸ್ಟುಡಿಯೋದಲ್ಲಿ ಹಾಕಿದ ಸೆಟ್. ಕಿಟಕಿಯ ಪಟ್ಟಿಗಳಿಂದ ತೂರಿ ಬರುವ ಬೆಳಕಿನಲ್ಲಿ ತೇಲುವ ಧೂಳಿದೆಯಲ್ಲ, ಅದಕ್ಕೆ ಕ್ಯಾಮೆರಾಮನ್ ಜಾನ್ ಸೈಟ್ಜ್ ಅಲ್ಯೂಮಿನಿಯಂ ಪುಡಿಯನ್ನು ಗಾಳಿಗೆ ಊದಿಸಿದ್ದರು. ಇದನ್ನು ತಿಳಿದು ಆ ದೃಶ್ಯ ಇನ್ನೊಮ್ಮೆ ನೋಡಿ.

ನನ್ನನ್ನು ಕೇಳಿದರೆ ಇವೆಲ್ಲಕ್ಕಿಂತ ಮುಖ್ಯವಾದದ್ದು ಥಿಯೇಟರ್. ಯಾವ ಸಿನಿಮಾ ಯಾವಾಗ ಇದೆ ಅಂತ ನೋಡಿಕೊಂಡು ಪ್ರವಾಸದ ತಾರೀಖು ಗೊತ್ತು ಮಾಡಿ. ಬೆವರ್ಲಿ ಬುಲೆವಾರ್ಡ್‌ನ ನ್ಯೂ ಬೆವರ್ಲಿ ಥಿಯೇಟರ್ ನಿರ್ದೇಶಕ ಕ್ವೆಂಟಿನ್ ಟರಂಟಿನೊ ಅವರದು. ಅಲ್ಲಿ ಡಿಜಿಟಲ್ ಇಲ್ಲ, ರೀಲಿನ ಪ್ರಿಂಟ್ ಮಾತ್ರ. 1922ರ ಈಜಿಪ್ಷಿಯನ್ ಥಿಯೇಟರನ್ನು ನೆಟ್‌ಫ್ಲಿಕ್ಸ್ ಕೊಂಡು ದುರಸ್ತಿ ಮಾಡಿಸಿ 2023ರಲ್ಲಿ ಮತ್ತೆ ತೆರೆಯಿತು. ವಾರದ ಕೊನೆಯಲ್ಲಿ ಅಲ್ಲಿ ಅಮೆರಿಕನ್ ಸಿನಿಮಾಟೆಕ್ ಎಂಬ ಸಿನಿಮಾ ಸಂಸ್ಥೆಯವರು ಹಳೆಯ ಚಿತ್ರಗಳನ್ನು ಹಾಕುತ್ತಾರೆ. ಬೆಂಕಿಗೆ ಬಲುಬೇಗ ಸಿಗುವ ಹಳೇ ನೈಟ್ರೇಟ್ ಪ್ರಿಂಟ್‌ಗಳನ್ನು ಓಡಿಸುವ ವ್ಯವಸ್ಥೆಯೂ ಅಲ್ಲಿದೆ. ನಾವು ನೋಡಿದ್ದು 35 ಎಂಎಂ ಪ್ರಿಂಟ್. ಕಪ್ಪು ಅಷ್ಟು ದಟ್ಟವಾಗಿರುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ಟೈಟಲ್‌ನಲ್ಲಿ ಸಣ್ಣ ಪಾತ್ರದ ನಟರ ಹೆಸರು, ಕ್ಯಾಮೆರಾಮನ್ ಹೆಸರು ಬಂದಾಗಲೂ ಜನ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿ ಕೂತಿದ್ದ ಅಜ್ಜಿಯೊಬ್ಬರು ಡೈಲಾಗುಗಳನ್ನು ನಟರಿಗಿಂತ ಮೊದಲೇ ಮೆಲ್ಲಗೆ ಹೇಳುತ್ತಿದ್ದರು. ಟಿಕೆಟ್ ಆನ್‌ಲೈನಿನಲ್ಲಿ ಮೊದಲೇ ತೆಗೆದುಕೊಳ್ಳಿ, ಜನಪ್ರಿಯ ಸಿನಿಮಾಗಳ ಟಿಕೆಟ್ ಬೇಗ ಖಾಲಿಯಾಗುತ್ತದೆ.

ಏಪ್ರಿಲ್-ಮೇ ಹೊತ್ತಿಗೆ ಹೋಗುವವರು ಹಳೇ ಸಿನಿಮಾಗಳ ಟಿವಿ ಚಾನೆಲ್ ಟಿಸಿಎಂ ಹಾಲಿವುಡ್‌ನಲ್ಲಿ ನಡೆಸುವ ಟಿಸಿಎಂ ಕ್ಲಾಸಿಕ್ ಫಿಲ್ಮ್ ಫೆಸ್ಟಿವಲ್‌ನ ತಾರೀಖು ನೋಡಿಕೊಳ್ಳಿ. ಆಗ ಹಾಲಿವುಡ್ ಹೋಟೆಲ್‌ಗಳ ಬಾಡಿಗೆ ಜಾಸ್ತಿ, ಡೌನ್‌ಟೌನ್‌ನಲ್ಲಿ ಉಳಿದು ಮೆಟ್ರೋದಲ್ಲಿ ಓಡಾಡಿ. ಅಷ್ಟು ದೂರ ಆಗದವರು, ಬೇ ಏರಿಯಾದಲ್ಲೇ ಚಳಿಗಾಲ ಕಳೆಯುವವರು, ಜನವರಿಯಲ್ಲಿ ಓಕ್‌ಲ್ಯಾಂಡ್‌ನ ಗ್ರ್ಯಾಂಡ್ ಲೇಕ್ ಥಿಯೇಟರ್‌ನಲ್ಲಿ ನಡೆಯುವ 'ನ್ವಾರ್ ಸಿಟಿ' ಉತ್ಸವಕ್ಕೆ ಹೋಗಿ. 2003ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಇದನ್ನು ಶುರು ಮಾಡಿದ ಎಡ್ಡಿ ಮುಲ್ಲರ್ ಅವರೇ ವೇದಿಕೆಗೆ ಬಂದು ಸಿನಿಮಾ ಪರಿಚಯಿಸುತ್ತಾರೆ. ಅವರ ಫಿಲ್ಮ್ ನ್ವಾರ್ ಫೌಂಡೇಶನ್ ಹಾಳಾಗುತ್ತಿರುವ ಪ್ರಿಂಟ್‌ಗಳನ್ನು ಹುಡುಕಿ ಸರಿಪಡಿಸುವ ಕೆಲಸ ಮಾಡುತ್ತದೆ. ಉತ್ಸವದಿಂದ ಬಂದ ದುಡ್ಡು ಅದಕ್ಕೇ ಹೋಗುತ್ತದೆ. ಒಂದೇ ಸಂಜೆಗೆ ಎರಡು ಸಿನಿಮಾ ಹಾಕುವುದುಂಟು, ಊಟ ಮುಗಿಸಿಕೊಂಡೇ ಹೋಗಿ.