"ಹೆಗಡೆ" ಅಂತ ಹುಡುಕಿದರೆ ಅರ್ಧ ಶಿರಸಿ ಬರುತ್ತದೆ

ಅಡಿಕೆಯ ಕೊಳೆರೋಗಕ್ಕೆ ಔಷಧಿ ಹೊಡೆಯುವ ಎರಡನೇ ಸುತ್ತು. ಹುಲೇಕಲ್ ಕಡೆಯ ತೋಟ. ಮಳೆ ಸ್ವಲ್ಪ ಹೊಳವಾಗಿತ್ತು. ಡ್ರಮ್ಮಿನಲ್ಲಿ ಬೋರ್ಡೋ, ಅಂದರೆ ಮೈಲುತುತ್ತ-ಸುಣ್ಣದ ದ್ರಾವಣ, ಕಲಸಿ ಆಗಿತ್ತು. ಮರ ಹತ್ತಿ ಔಷಧಿ ಹೊಡೆಯುವ ಕೊನೆಗೌಡ ತಯಾರಿದ್ದ. ತೋಟದ ಯಜಮಾನರಾದ ಹೆಗಡೇರು ಕಚೇರಿಯಿಂದ ವಿಸಿಟ್‌ಗೆ ಹೋಗಿದ್ದ ನನ್ನ ಕಡೆ ತಿರುಗಿ, "ತಮಾ, ಮೊದಲ ಸುತ್ತಿಗೆ ಈ ಸುಣ್ಣದ ಲೆಕ್ಕ ಬೇರೆ ಮಾಡಿದ್ಯಲ, ಎಷ್ಟು?" ಅಂದರು.

100 ಲೀಟರ್ ನೀರಿಗೆ 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ. ಅದು ಯಾರಿಗೆ ಗೊತ್ತಿಲ್ಲ? ಆದರೆ ಸುಣ್ಣ ಗಾಳಿ ಕುಡಿದಿದ್ದರೆ ಅಷ್ಟು ಸಾಲದು. ಮಿಶ್ರಣದಲ್ಲಿ ಹುಳಿ ಉಳಿದರೆ ಎಳೆಕಾಯಿ ಸುಡುತ್ತದೆ. ಅವರ ಚೀಲದ ಸುಣ್ಣ ಎಷ್ಟು ಜಾಸ್ತಿ ಬೇಕಾಯಿತು ಅಂತ ನಾನೇ ಬರೆದಿಟ್ಟಿದ್ದೆ. ಜಂಬದಿಂದಲೇ ಫೋನ್ ತೆಗೆದೆ.

ನೋಟು ಬರೆದಿಡಲು ಮೊದಲು ನಾನು ಎವರ್‌ನೋಟ್ ಆ್ಯಪ್ ಬಳಸುತ್ತಿದ್ದೆ. 2023ರ ಡಿಸೆಂಬರಿನಲ್ಲಿ ಉಚಿತ ಖಾತೆಗೆ 50 ನೋಟು ಅಂತ ಮಿತಿ ಹಾಕಿದರು, ಬಿಟ್ಟೆ. ಈಗ ಅಬ್ಸಿಡಿಯನ್ ಅನ್ನುವ ಆ್ಯಪ್. ಸಾದಾ ಟೆಕ್ಸ್ಟ್ ಫೈಲುಗಳು ಫೋನಿನಲ್ಲೇ ಇರುತ್ತವೆ, ಸಿಗ್ನಲ್ ಇಲ್ಲದ ಕೊಳ್ಳದಲ್ಲೂ ತೆರೆಯುತ್ತವೆ. ನೋಟಿನಿಂದ ನೋಟಿಗೆ ಲಿಂಕ್ ಹಾಕಿ, ಟ್ಯಾಗ್ ಅಂಟಿಸಿ, ಆ ಲಿಂಕುಗಳ ಜಾಲ ತೋರಿಸುವ ಗ್ರಾಫ್ ನೋಡಿ ಖುಷಿಪಟ್ಟ ಭಾನುವಾರಗಳು ಎಷ್ಟೋ.

"ಸುಣ್ಣ" ಅಂತ ಹುಡುಕಿದೆ. ಮಣ್ಣು ಪರೀಕ್ಷೆಯ ನೋಟುಗಳೆಲ್ಲ ಬಂದವು, ಹುಳಿಮಣ್ಣಿಗೂ ನಾವು ಬರೆಯುವುದು ಅದನ್ನೇ ಅಲ್ವಾ. "ಬೋರ್ಡೋ" ಅಂದೆ, ಬಂದ ಪಟ್ಟಿಗೆ ಕೊನೆಯೇ ಇಲ್ಲ. "ಹೆಗಡೆ" ಅಂದೆ. ಶಿರಸಿಯಲ್ಲಿ ಹಾಗೆ ಹುಡುಕುವವನಿಗೆ ಏನು ಹೇಳೋಣ! ಬೆರಳು ಒದ್ದೆ, ಸ್ಕ್ರೀನ್ ಕೇಳುತ್ತಿಲ್ಲ. ಕೊನೆಗೌಡ ಆಕಾಶ ನೋಡಿದ. "ಒಂದ್ನಿಮಿಷ ಹೆಗಡೇರೇ" ಅಂತ ನಾನು ಹೇಳುತ್ತಲೇ ಇದ್ದೆ.

"ಅಡ್ಡಿಲ್ಲೆ ತಮಾ" ಅಂದವರೇ ಕತ್ತಿಯನ್ನು ಡ್ರಮ್ಮಿನಲ್ಲಿ ಅದ್ದಿ ತೆಗೆದರು. ಅಲಗಿನ ಮೇಲೆ ತಾಮ್ರದ ಕೆಂಪು, ಅಂದರೆ ಹುಳಿ ಇನ್ನೂ ಉಳಿದಿದೆ. ಸುಣ್ಣದ ನೀರು ಸುರಿದು, ಕಲಕಿ, ಮತ್ತೆ ಅದ್ದಿದರು. ಕೆಂಪು ಹೋಗುವವರೆಗೂ ಅದೇ. ನಾನಿನ್ನೂ ಪಟ್ಟಿ ತಳ್ಳುತ್ತಿದ್ದೆ.

ರಾತ್ರಿ ನೋಟು ಸಿಕ್ಕಿತು. ಹೆಸರು "ಮಂಗಳವಾರದ ವಿಸಿಟ್"! ಅದರಲ್ಲಿದ್ದ ಲೆಕ್ಕ ಹೆಗಡೇರು ಸುರಿದದ್ದಕ್ಕಿಂತ ಕಡಿಮೆ. ಮಳೆಗಾಲದಲ್ಲಿ ಆ ಚೀಲ ಇನ್ನಷ್ಟು ಗಾಳಿ ಕುಡಿದಿತ್ತು. ತೋಟದಲ್ಲೇ ಸಿಕ್ಕಿದ್ದರೆ ಅದನ್ನೇ ಧೈರ್ಯವಾಗಿ ಓದಿ ಹೇಳಿಬಿಡುತ್ತಿದ್ದೆ. ಇದು ಈಗಲೂ ಚುಚ್ಚುತ್ತದೆ.

ಈಗ ನೋಟಿನ ಹೆಸರು ಊರು, ಮನೆ, ಕೆಲಸ, ತಿಂಗಳು. ಅಡಿಕೆ-ಅಡಕೆ, ಕೊಳೆ-ಮಹಾಳಿ ಎರಡೂ ಏಲಿಯಸ್‌ನಲ್ಲಿ, ಅಂದರೆ ನೋಟಿನ ಅಡ್ಡಹೆಸರಿನ ಜಾಗದಲ್ಲಿ, ಹಾಕುತ್ತೇನೆ. ಅಂಕಿಯ ಪಕ್ಕ ಅದು ಹೇಗೆ ಬಂತು ಅಂತ ಬರೆಯುತ್ತೇನೆ: "ಕತ್ತಿ ನೋಡಿ ಹಾಕಿದ್ದು, ಮತ್ತೆ ನೋಡಬೇಕು." ಟ್ಯಾಗ್ ಹೆಚ್ಚುಕಡಿಮೆ ಬಿಟ್ಟಿದ್ದೇನೆ. ಗ್ರಾಫ್ ಸುಮ್ನೆ ಚಂದಕ್ಕೆ.

ಕಚೇರಿಯ ಹಳೇ ಸುತ್ತೋಲೆಗಳದ್ದು ಬೇರೆಯೇ ಗೋಳು. ಎಲ್ಲ "ನುಡಿ" ತಂತ್ರಾಂಶದ ಹಳೇ ಫಾಂಟಿನಲ್ಲಿವೆ, ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಚಿತ್ರಾನ್ನ. ಯೂನಿಕೋಡ್‌ಗೆ ಬದಲಿಸದೆ ಒಂದು ಪದವೂ ಹುಡುಕಿದರೆ ಸಿಗುವುದಿಲ್ಲ. ಆ ಕೆಲಸಕ್ಕೆ ಯಾರಿಗೂ ಪುರುಸೊತ್ತಿಲ್ಲ. ವಿಸಿಟ್ ಆ್ಯಪ್‌ನಲ್ಲಿ ಸೆಲ್ಫಿ ಮಾತ್ರ ಕಡ್ಡಾಯ, ಷರಾ ಬರೆಯಲು ಒಂದೇ ಸಾಲು.

ಮೊನ್ನೆ ಮ್ಯಾನೇಜರ್ ಸಾಹೇಬರು ನನ್ನ ಫೋಲ್ಡರ್ ಎಲ್ಲರಿಗೂ ಹಂಚು ಅಂದರು. ತಕರಾರಿಲ್ಲ. ಆದರೆ ಯಾರ ಮನೆಯಲ್ಲಿ ಹಿಸ್ಸೆ ಜಗಳ, ಯಾರು ಸಾಲಕ್ಕೆ ಓಡಾಡುತ್ತಿದ್ದಾರೆ, ಎಲ್ಲ ಅದರಲ್ಲೇ ಸೇರಿಕೊಂಡಿದೆ. ಅದನ್ನು ಆರಿಸಿ ತೆಗೆಯದೆ ಕೊಡುವುದಿಲ್ಲ ಅಂದಿದ್ದೇನೆ. ಸಾಹೇಬರಿಗೆ ಸಿಟ್ಟು ಬಂದಿದೆ.