ಫ್ರಿಜ್ಜಿನ ಬಾಗಿಲಲ್ಲಿ ಒಂದು ಪೆನ್ನು

ಇವತ್ತು ಗೆಳತಿಯ ಮನೆಯಲ್ಲಿ ನೀರಿಗೆಂದು ಫ್ರಿಜ್ ತೆರೆದೆ. ಬಾಗಿಲಿನ ಅರೆಯಲ್ಲಿ ಒಂದು ಪೆನ್ನು. ಬರೆಯುವುದಲ್ಲ, ಚುಚ್ಚಿಕೊಳ್ಳುವುದು.

ಸೆಮಾಗ್ಲುಟೈಡ್, ತೂಕ ಇಳಿಸುವ ಔಷಧಿ. ವಾರಕ್ಕೊಮ್ಮೆ. 0.25 ಮಿಲಿಗ್ರಾಂನಿಂದ ಶುರು, ಆಮೇಲೆ ತಿಂಗಳಿಗೊಂದು ಮೆಟ್ಟಿಲು. ಅವಸರ ಮಾಡಿದರೆ ಹೊಟ್ಟೆ ತೊಳಸುತ್ತದೆ.

ತೂಕ ಎಷ್ಟು ಇಳಿಯಿತು ಎಂದು ಕೇಳಲು ಬಾಯಿ ತೆರೆದವಳು ಸುಮ್ಮನಾದೆ. (ಎಲ್ಲರೂ ಅದನ್ನೇ ಕೇಳಿರುತ್ತಾರೆ.) ಅವಳೇ ಹೇಳಿದಳು: "ತೂಕ ಇರಲಿ, ತಲೆಯೊಳಗೆ ಇಡೀ ದಿನ ಊಟದ ಬಗ್ಗೆಯೇ ಗುನುಗುತ್ತಿದ್ದ ರೇಡಿಯೋ ನಿಂತಿದೆ."

ಆ ರೇಡಿಯೋ ನನಗೆ ಎಂದೂ ಕೇಳಿಸಿಲ್ಲ.

ಉಂಡ ಮೇಲೆ ಕರುಳು ಜಿಎಲ್‌ಪಿ-1 ಎಂಬ ಹಾರ್ಮೋನಿನ ಮೂಲಕ ಮೆದುಳಿಗೆ "ಸಾಕು" ಎನ್ನುತ್ತದೆ. ಕೆಲವೇ ನಿಮಿಷಗಳಲ್ಲಿ ಅದು ಕರಗಿಹೋಗುತ್ತದೆ. ಪೆನ್ನಿನೊಳಗಿರುವುದು ಅದರ ನಕಲು, ವಾರವಿಡೀ ನಿಲ್ಲುವಂಥದ್ದು. 2021ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ 68 ವಾರಗಳಿಗೆ ಸರಾಸರಿ ಶೇ 15ರಷ್ಟು ತೂಕ ಇಳಿದಿತ್ತು. ನಿಲ್ಲಿಸಿದ ಒಂದು ವರ್ಷಕ್ಕೆ, ಇಳಿದದ್ದರಲ್ಲಿ ಮೂರನೇ ಎರಡು ಪಾಲು ಮರಳಿತ್ತು.

ಮನಸ್ಸು ಗಟ್ಟಿ ಮಾಡಿಕೋ ಎಂದು ಅವಳಿಗೆ ಎಷ್ಟು ಸಲ ಹೇಳಿದ್ದೆನೋ! ನಾನೇನು ಗಟ್ಟಿ ಮಾಡಿಕೊಂಡಿದ್ದೆ? ನನ್ನ ರೇಡಿಯೋ ಮೊದಲಿನಿಂದಲೂ ಕೆಟ್ಟಿತ್ತು, ಅಷ್ಟೇ.

ನೀರು ತೆಗೆದುಕೊಳ್ಳದೆಯೇ ಫ್ರಿಜ್ ಮುಚ್ಚಿದ್ದೆ. ಆಮೇಲೆ ಅವಳೇ ತಂದುಕೊಟ್ಟಳು.